ಎಡಗಾಲಿಗೆ ಕೆಲಸವಿಲ್ಲದ ಕಾಲ

ಹಳೆಯ ಅಂಬಾಸಿಡರ್ ಕಾರಿನ ಮೊದಲನೇ ಗೇರಿಗೆ ಸಿಂಕ್ರೊಮೆಶ್, ಅಂದರೆ ಬೆಸೆಯುವ ಮೊದಲು ಗೇರುಗಳ ವೇಗ ಹೊಂದಿಸುವ ವ್ಯವಸ್ಥೆ, ಇರಲಿಲ್ಲ. ಎರಡು, ಮೂರು, ನಾಲ್ಕಕ್ಕೆ ಇತ್ತು. ಗಾಡಿ ಇನ್ನೂ ಉರುಳುತ್ತಿರುವಾಗಲೇ ಅವಸರಪಟ್ಟು ಮೊದಲನೇ ಗೇರಿಗೆ ಹಾಕಲು ಹೋದರೆ ಒಳಗೆ ಹಲ್ಲಿಗೆ ಹಲ್ಲು ಉಜ್ಜಿ ಕರ್ರ್ ಎಂದು ಅರಚಿಕೊಳ್ಳುತ್ತಿತ್ತು. ಸಕಲೇಶಪುರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬೀಡಿ ಸೇದುತ್ತ ನಿಂತವರು ಆ ಸದ್ದಿಗೆ ತಿರುಗಿ ನೋಡಿ, ‘ಯಾರೋ ಹೊಸಬರು’ ಎಂದು ತಮ್ಮ ಮಾತು ಮುಂದುವರಿಸುತ್ತಿದ್ದರು. ಗಾಡಿಯನ್ನು ಪೂರ್ತಿ ನಿಲ್ಲಿಸಿ ಗೇರ್ ಹಾಕಬೇಕು, ಇಲ್ಲವೇ ಡಬಲ್ ಕ್ಲಚ್ ಹೊಡೆಯಬೇಕು. ಅಂದರೆ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರನ್ನು ಒಮ್ಮೆ ತಟ್ಟಿ, ಮತ್ತೆ ಕ್ಲಚ್ ಒತ್ತಿ ಗೇರಿಗೆ ಬೀಳಿಸಬೇಕು. ಹೇಳುವುದಕ್ಕೆ ಒಂದು ವಾಕ್ಯ, ಮಾಡುವುದಕ್ಕೆ ಒಂದು ಕ್ಷಣ, ಕಲಿಯುವುದಕ್ಕೆ ತಿಂಗಳುಗಳು.

ನನಗೆ ಕಾರು ಕಲಿಸಿದವರು ಆ ಸ್ಟ್ಯಾಂಡಿನ ಒಬ್ಬ ಸಾಹೇಬರು. 1980ರ ದಶಕದ ನಡುಭಾಗ. ಅಪ್ಪನ ಕಣ್ಣಿಗೆ ಪೊರೆ ಬಂದು ಸಂಜೆಯಾದ ಮೇಲೆ ಓಡಿಸುವುದು ಕಷ್ಟವಾಗಿತ್ತು, ಅಣ್ಣ ಓದಲು ಹೊರಗಿದ್ದ, ತೋಟಕ್ಕೂ ಪೇಟೆಗೂ ಓಡಾಡಲು ಮನೆಯಲ್ಲಿ ಒಬ್ಬರು ಬೇಕಿತ್ತು. ಹೆಣ್ಣುಮಕ್ಕಳಿಗೆ ಕಾರು ಕಲಿಸಬೇಕೆಂಬ ಪ್ರಗತಿಪರ ಆಲೋಚನೆ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೆ. ನಮ್ಮದು ಮಾರ್ಕ್ 3. ಗೇರ್ ಕಡ್ಡಿ ಸ್ಟೀರಿಂಗಿನ ಕೆಳಗೆ ಎಡಕ್ಕೆ ಚಾಚಿಕೊಂಡಿರುತ್ತಿತ್ತು. ಅಲ್ಲಿಂದ ಗೇರ್‌ಬಾಕ್ಸಿನವರೆಗೆ ಸರಳು, ಕೀಲುಗಳ ಉದ್ದದ ಸಾಲು. ಕೀಲುಗಳು ಸವೆದ ಮೇಲೆ ಕಡ್ಡಿ ಎರಡು ಗೇರುಗಳ ನಡುವೆ ಸಿಕ್ಕಿಹಾಕಿಕೊಳ್ಳುವುದು ಮಾಮೂಲು. ಬಾನೆಟ್ ಎತ್ತಿ, ಸ್ಪ್ಯಾನರಿನಲ್ಲಿ ಕೀಲಿಗೊಂದು ಏಟು ಕೊಟ್ಟು, ಕೈ ಒರೆಸಿಕೊಂಡು ಬಂದು ಕೂರುವುದೂ ಡ್ರೈವಿಂಗೇ ಎಂದು ನಾನು ಬಹಳ ಕಾಲ ತಿಳಿದಿದ್ದೆ.

ಸಾಹೇಬರು ಹೆಚ್ಚು ಮಾತಿನವರಲ್ಲ. ಆದರೆ ಶಿರಾಡಿ ಘಾಟಿಯಲ್ಲಿ ಅವರ ಬಾಯಿ ತೆರೆಯುತ್ತಿತ್ತು. ಮಾರನಹಳ್ಳಿ ದಾಟಿ ಇಳಿಜಾರು ಶುರುವಾದ ಕೂಡಲೇ, “ಅಕ್ಕೋರೆ, ಯಾವ ಗೇರಲ್ಲಿ ಹತ್ತುತ್ತೋ ಅದೇ ಗೇರಲ್ಲಿ ಇಳೀಬೇಕು. ಬ್ರೇಕು ನಿಲ್ಸೋದಕ್ಕೆ, ಇಳಿಸೋದಕ್ಕಲ್ಲ” ಎನ್ನುತ್ತಿದ್ದರು. ಆಗ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿನಲ್ಲಿ ಗುಂಡ್ಯದವರೆಗೂ ಉರುಳಿಸಿಕೊಂಡು ಹೋಗುವ ಟ್ಯಾಕ್ಸಿಯವರಿದ್ದರು. ಅಂಬಾಸಿಡರಿನ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಬಿಡದೆ ತುಳಿಯುತ್ತಿದ್ದರೆ ಡ್ರಮ್ಮು ಕಾದು, ಲೈನರ್ ಸುಟ್ಟ ವಾಸನೆ ಕಾರಿನೊಳಗೆ ಬಂದು, ಪೆಡಲ್ ಮೆತ್ತಗಾಗಿ ಕಾಲಿನ ಕೆಳಗೆ ಇಳಿಯುತ್ತ ಹೋಗುತ್ತಿತ್ತು. ಹಾಗೆ ಇಳಿಸುವವರ ಬಗ್ಗೆ ಸಾಹೇಬರಿಗೆ ಸ್ವಲ್ಪವೂ ಮರ್ಯಾದೆಯಿರಲಿಲ್ಲ. “ಉಳಿಸಿದ ಪೆಟ್ರೋಲ್ ಕಾಸಲ್ಲಿ ಹೆಣ ಸಾಗಿಸ್ಬೇಕಾಗುತ್ತೆ” ಎಂದು ಕಿಟಕಿಯಾಚೆ ನೋಡುತ್ತ ಹೇಳುತ್ತಿದ್ದರು.

ಹತ್ತುವಾಗಿನ ಕಷ್ಟವೇ ಬೇರೆ. ಬೇಸಿಗೆಯಲ್ಲಿ ಘಾಟಿಯ ಅರ್ಧದಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಎಂಜಿನ್ ನಿಂತುಬಿಡುತ್ತಿತ್ತು. ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ, ಅದು ತಣಿಯುವವರೆಗೆ ಕಾಯಬೇಕು. ಕಾರಿನಿಂದ ಇಳಿದವರು ಮೊದಲು ಮಾಡುತ್ತಿದ್ದ ಕೆಲಸ ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು. ಹ್ಯಾಂಡ್ ಬ್ರೇಕನ್ನು ಯಾರೂ ನಂಬುತ್ತಿರಲಿಲ್ಲ. ಹೊರಟ ಮೇಲೆ ಆ ಕಲ್ಲನ್ನು ರಸ್ತೆಯ ಮಧ್ಯೆಯೇ ಬಿಟ್ಟುಹೋಗುತ್ತಿದ್ದರು. ಹಿಂದೆ ಬರುವ ಬೈಕಿನವನ ಪಾಡು ಅವನಿಗೆ. ಈ ಒಂದು ಚಾಳಿ ಮಾತ್ರ ಅಂದಿಗೂ ಇಂದಿಗೂ ಬದಲಾಗಿಲ್ಲ.

ಆ ಕಾಲವನ್ನು ಹೊಗಳಲು ನನ್ನಿಂದಾಗದು. ಕ್ಲಚ್ ಪೆಡಲ್ ಕಲ್ಲಿನಷ್ಟು ಗಟ್ಟಿ. ಸಂತೆ ದಿನ ಪೇಟೆ ದಾಟುವುದರೊಳಗೆ ಎಡಮಂಡಿ ನಡುಗುತ್ತಿತ್ತು. ಬ್ಯಾಟರಿ ಇಳಿದ ದಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು, ಎಂಜಿನ್ ಒದ್ದರೆ ಹ್ಯಾಂಡಲ್ ಮಣಿಕಟ್ಟಿಗೇ ಬಡಿಯುತ್ತಿತ್ತು. ಹಳೆಯ ಕಾರುಗಳಲ್ಲಿ ಆತ್ಮವಿತ್ತು ಎಂದು ಬರೆಯುವವರು ಆ ಹ್ಯಾಂಡಲ್ ಹಿಡಿದವರಲ್ಲ ಎಂಬುದು ನನ್ನ ಗುಮಾನಿ. ಆದರೆ ಆ ಕಾರಿನಲ್ಲಿ ಒಂದು ಗುಣವಿತ್ತು. ತಪ್ಪು ಮಾಡಿದರೆ ಅಲ್ಲೇ, ಆಗಲೇ, ಹತ್ತು ಜನರೆದುರು ಹೇಳಿಬಿಡುತ್ತಿತ್ತು.

ಆಟೊಮ್ಯಾಟಿಕ್ ಕಾರನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು 1990ರ ದಶಕದಲ್ಲಿ, ಡೆಟ್ರಾಯಿಟ್ ಬಳಿ ನೆಲೆಸಿದ್ದ ಅಣ್ಣನ ಮನೆಗೆ ಹೋದಾಗ. ಅಲ್ಲಿ ಅದು ವಿಶೇಷವೇ ಅಲ್ಲ. ಜನರಲ್ ಮೋಟಾರ್ಸ್ 1939ರಲ್ಲೇ ಓಲ್ಡ್ಸ್‌ಮೊಬಿಲ್ ಕಾರಿಗೆ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ ಕೊಟ್ಟಾಗಿತ್ತು. ಖಾಲಿ ಪಾರ್ಕಿಂಗ್ ಮೈದಾನದಲ್ಲಿ ಅಣ್ಣ ಕೊಟ್ಟ ಮೊದಲ ಪಾಠ ಗೇರಿನದ್ದಲ್ಲ, ಕಾಲಿನದ್ದು. “ಎಡಗಾಲು ಮಡಚಿ ಸೀಟಿನ ಕಡೆ ಎಳ್ಕೊ. ಅದನ್ನ ಮರೆತುಬಿಡು” ಎಂದ. ಕ್ಲಚ್ ಕಾರಿನಿಂದ ಬಂದವರ ಎಡಗಾಲು ನಿಲ್ಲಿಸುವ ಹೊತ್ತಿಗೆ ತಾನಾಗಿ ಕ್ಲಚ್ ಹುಡುಕುತ್ತದೆ. ಅಲ್ಲಿ ಕ್ಲಚ್ ಇಲ್ಲ, ಅಗಲವಾದ ಬ್ರೇಕ್ ಪೆಡಲ್ ಇದೆ. ಕ್ಲಚ್ ತುಳಿಯುವ ಜೋರಿನಲ್ಲಿ ಬ್ರೇಕ್ ತುಳಿದರೆ ಕಾರು ನಿಂತಲ್ಲೇ ನೆಲ ಕಚ್ಚುತ್ತದೆ, ಹಿಂದಿನವನು ಬಂದು ಗುದ್ದುತ್ತಾನೆ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ: ಹಿಮ್ಮಡಿ ಬ್ರೇಕಿನ ನೇರಕ್ಕೆ ಊರಿರಬೇಕು, ಪಾದ ಮಾತ್ರ ತಿರುಗಬೇಕು. ಇಂದಿಗೂ ಯಾರಿಗಾದರೂ ಆಟೊಮ್ಯಾಟಿಕ್ ಹೇಳಿಕೊಡಬೇಕಾದರೆ ನಾನು ಇಲ್ಲಿಂದಲೇ ಶುರುಮಾಡುತ್ತೇನೆ.

ಆಟೊಮ್ಯಾಟಿಕ್ ಗೇರಿನ ಪಿ, ಆರ್, ಎನ್, ಡಿ (ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್) ಎಂಬ ಸಾಲು ಎಷ್ಟು ಸಹಜವಾಗಿ ಕಾಣುತ್ತದೆಂದರೆ, ಅದಕ್ಕಾಗಿ ಜಗಳವಾಗಿತ್ತೆಂದು ಯಾರೂ ಊಹಿಸಲಾರರು. ಹೈಡ್ರಾಮ್ಯಾಟಿಕ್ಕಿನ ಹಳೆಯ ಸಾಲಿನಲ್ಲಿ ಮೊದಲು ನ್ಯೂಟ್ರಲ್, ಆಮೇಲೆ ಡ್ರೈವ್, ಆಮೇಲೆ ಲೋ, ಅದರ ಮಗ್ಗುಲಲ್ಲೇ ರಿವರ್ಸ್. ಇಳಿಜಾರಿನಲ್ಲಿ ಲೋ ಗೇರಿಗೆ ಎಳೆಯಹೋದವರ ಕೈ ಒಂದು ಮನೆ ಜಾರಿದರೆ ರಿವರ್ಸ್. ಮುಂದಕ್ಕೆ ಹೋಗುತ್ತೇನೆಂದುಕೊಂಡವರು ಹಿಂದಕ್ಕೆ ಹೋಗಿ ಗೋಡೆಗೆ, ಮನುಷ್ಯರಿಗೆ ಗುದ್ದಿದರು. ರಾಲ್ಫ್ ನೇಡರ್ 1965ರ ತಮ್ಮ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದಲ್ಲಿ ಇದನ್ನೂ ಎತ್ತಿದರು. 1968ರಿಂದ ಅಮೆರಿಕದ ಸುರಕ್ಷತಾ ನಿಯಮ, ಮುಂದೆ ಹೋಗುವ ಗೇರಿಗೂ ರಿವರ್ಸಿಗೂ ನಡುವೆ ನ್ಯೂಟ್ರಲ್ ಇರಲೇಬೇಕು ಎಂದಿತು. ಅದೇ ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1950ರ ದಶಕದಲ್ಲಿ ಗೇರಿಗೆ ಗುಂಡಿಗಳನ್ನು ಇಟ್ಟು, ಹತ್ತು ವರ್ಷದೊಳಗೆ ಕೈಬಿಟ್ಟಿತ್ತು. ಈಗ ಗುಂಡಿಗಳು, ತಿರುಗಿಸುವ ಬಿರಡೆಗಳು ಹೊಸ ಸಂಶೋಧನೆಯ ಗತ್ತಿನಲ್ಲಿ ವಾಪಸು ಬಂದಿವೆ.

ನಮ್ಮಲ್ಲಿ ಆಟೊಮ್ಯಾಟಿಕ್ ಬಹಳ ವರ್ಷ ಸಾಹುಕಾರರ ಮಾತಾಗಿತ್ತು. ಝೆನ್ ಕಾರಿನಲ್ಲೂ ಒಂದು ಆಟೊಮ್ಯಾಟಿಕ್ ಬಂದಿತ್ತು. ಮೈಲೇಜ್ ಬರಲ್ಲ, ಕೆಟ್ಟರೆ ರಿಪೇರಿ ಮಾಡುವವರಿಲ್ಲ ಎಂದು ಜನ ದೂರವಿಟ್ಟರು. ಬೆಂಗಳೂರಿನ ರಸ್ತೆಗೆ 2001ರಲ್ಲಿ ರೇವಾ ಇಳಿಯಿತು. ಕ್ಲಚ್ಚೂ ಇಲ್ಲದ, ಬದಲಿಸಲು ಗೇರೂ ಇಲ್ಲದ ಆ ಪುಟ್ಟ ವಿದ್ಯುತ್ ಕಾರನ್ನು ನೋಡಿ ನಕ್ಕವರೇ ಹೆಚ್ಚು. ಕೆಲವು ವರ್ಷ ಕಳೆದು ಬಿಎಂಟಿಸಿಯ ವೋಲ್ವೊ ಬಸ್ಸುಗಳು ಬಂದಾಗ, ಸಿಗ್ನಲ್ಲಿಂದ ಸಿಗ್ನಲ್ಲಿಗೆ ಗೇರ್ ಬಡಿದು ಭುಜ ನೋಯಿಸಿಕೊಂಡಿದ್ದ ಡ್ರೈವರುಗಳು ಆಟೊಮ್ಯಾಟಿಕ್ ಎಂದರೇನೆಂದು ತಿಳಿದುಕೊಂಡರು. ನಿಜವಾದ ತಿರುವು 2014ರದ್ದು. ಸೆಲೆರಿಯೊ ಕಾರಿನ ಜೊತೆ ಎಎಂಟಿ ಬಂತು. ಒಳಗಿರುವುದು ಅದೇ ಕ್ಲಚ್ ಪ್ಲೇಟು, ಅದೇ ಗೇರ್‌ಬಾಕ್ಸು. ತುಳಿಯುವ, ಬದಲಿಸುವ ಕೆಲಸವನ್ನು ಮಾತ್ರ ಕಂಪ್ಯೂಟರ್ ಹೇಳಿದಂತೆ ಒಂದು ಯಂತ್ರ ಮಾಡುತ್ತದೆ. ಬೆಲೆ ಕೈಗೆಟಕುವಂತಿತ್ತು, ಮೈಲೇಜೂ ಬಿದ್ದುಹೋಗಲಿಲ್ಲ. ಅದೇ ವರ್ಷ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಎಡಮಂಡಿಯ ಸಲುವಾಗಿ ನಾನೂ ಮುಂದೆ ಎಎಂಟಿ ಕಾರನ್ನೇ ತೆಗೆದುಕೊಂಡೆ. ಆ ನಿರ್ಧಾರದ ಬಗ್ಗೆ ಒಂದು ದಿನವೂ ಬೇಸರವಾಗಿಲ್ಲ.

ಬೇಸರವಿರುವುದು ಬೇರೆ ವಿಷಯಕ್ಕೆ. ಈ ಕಾರುಗಳು ತಪ್ಪು ಮಾಡಿದರೂ ಸುಮ್ಮನಿರುತ್ತವೆ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೆಳಗ್ಗೆ ಎಂಟೂವರೆಗೆ ನಿಂತು ನೋಡಿ. ರಿವರ್ಸಿನಲ್ಲಿ ಹೊರಬಂದ ಕಾರು ಇನ್ನೂ ಹಿಂದಕ್ಕೆ ಉರುಳುತ್ತಿರುವಾಗಲೇ ಕೈ ‘ಡಿ’ಗೆ ಹೋಗಿರುತ್ತದೆ. ಕಾರು ಒಮ್ಮೆ ಮೆಲ್ಲಗೆ ಜಗ್ಗಿ ಮುಂದಕ್ಕೆ ಹೊರಟುಬಿಡುತ್ತದೆ. ಕರ್ರ್ ಇಲ್ಲ, ಬೀಡಿ ಸೇದುವವರು ತಿರುಗಿ ನೋಡುವುದಿಲ್ಲ. ವೇಗ ಹೆಚ್ಚಿದ್ದರೆ ಇಂದಿನ ಎಷ್ಟೋ ಕಾರುಗಳು ರಿವರ್ಸಿಗೆ ಒಪ್ಪುವುದೇ ಇಲ್ಲ, ನಿಜ. ಆದರೆ ನಡಿಗೆಯ ವೇಗದಲ್ಲಿ ಒಪ್ಪಿಬಿಡುತ್ತವೆ; ಹಿಂದಕ್ಕೆ ಹೋಗುತ್ತಿರುವ ಅಷ್ಟು ತೂಕವನ್ನು ನಿಲ್ಲಿಸುವ ಕೆಲಸ ಬ್ರೇಕಿನ ಬದಲು ಗೇರ್‌ಬಾಕ್ಸಿನ ಒಳಗಿನ ಕ್ಲಚ್ ಪಟ್ಟಿಗಳ ಮೇಲೆ ಬೀಳುತ್ತದೆ. ಬಿಲ್ಲು ಬರುವುದು ವರ್ಷಗಳ ನಂತರ, ಆಗ ಯಾವ ಬೆಳಗಿನ ಯಾವ ಅವಸರಕ್ಕೆ ಎಂದು ಹೇಳುವವರು ಯಾರು? ಮಾಡಬೇಕಾದ್ದು ಬಹಳ ಸಣ್ಣದು: ಬ್ರೇಕ್ ತುಳಿದು ಗಾಡಿ ಪೂರ್ತಿ ನಿಲ್ಲಿಸಿ, ಆಮೇಲೆ ಗೇರ್ ಬದಲಿಸಿ, ಎದುರಿನ ಪರದೆಯಲ್ಲಿ ಅಕ್ಷರ ಬದಲಾದದ್ದನ್ನು ನೋಡಿ, ಆಮೇಲೆ ಕಾಲು ತೆಗೆಯುವುದು. ಗೇರ್ ನೋಡಬೇಡಿ, ರೋಡ್ ನೋಡಿ ಎನ್ನುತ್ತಿದ್ದ ಸಾಹೇಬರ ಮಾತು ಇಲ್ಲಿ ಸಲ್ಲದು. ಇಲ್ಲಿ ಅಕ್ಷರ ನೋಡಲೇಬೇಕು.

ನೋಡದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ್ದೇ ಒಂದು ಪ್ರಸಂಗವಿದೆ. ಗ್ರ್ಯಾಂಡ್ ಚೆರೋಕಿ ಮೊದಲಾದ ಕೆಲವು ಕಾರುಗಳಲ್ಲಿ ಗೇರ್ ಹಿಡಿಯನ್ನು ಎತ್ತ ದೂಡಿದರೂ ಅದು ಮತ್ತೆ ಮಧ್ಯಕ್ಕೇ ಬಂದು ನಿಲ್ಲುತ್ತಿತ್ತು. ಕೈಗೆ ಯಾವ ಸುಳಿವೂ ಇಲ್ಲ. ‘ಪಿ’ಗೆ ಹಾಕಿದ್ದೇವೆಂದುಕೊಂಡು ಜನ ಇಳಿದರು, ಕಾರು ಉರುಳಿತು. 2016ರ ಏಪ್ರಿಲ್‌ನಲ್ಲಿ ಕಂಪನಿ ಸುಮಾರು 11 ಲಕ್ಷ ಕಾರುಗಳನ್ನು ದುರಸ್ತಿಗೆ ವಾಪಸು ಕರೆಯಿತು. ಅದೇ ವರ್ಷದ ಜೂನ್‌ನಲ್ಲಿ ನಟ ಆಂಟನ್ ಯೆಲ್ಚಿನ್ ತನ್ನ ಮನೆಯ ಇಳಿಜಾರಿನಲ್ಲಿ ತನ್ನದೇ ಕಾರು ಉರುಳಿ ಬಂದು ಸಿಕ್ಕಿಹಾಕಿಕೊಂಡು ಸತ್ತ. ಆತನಿಗೆ 27 ವರ್ಷ.

‘ಪಿ’ ಎಂದರೆ ಏನೆಂದು ಕೇಳಿದರೆ ಬಹಳ ಮಂದಿ ಹ್ಯಾಂಡ್ ಬ್ರೇಕ್ ಎನ್ನುತ್ತಾರೆ. ಅಲ್ಲ. ಗೇರ್‌ಬಾಕ್ಸಿನೊಳಗೆ ಕಚ್ಚುಗಳಿರುವ ಒಂದು ಚಕ್ರವಿದೆ. ‘ಪಿ’ಗೆ ಹಾಕಿದಾಗ ಬೆರಳಿನಂಥ ಒಂದು ಉಕ್ಕಿನ ಕೊಂಡಿ ಹೋಗಿ ಆ ಕಚ್ಚಿನಲ್ಲಿ ಕೂರುತ್ತದೆ. ಅಷ್ಟೇ ತಡೆ. ಇಳಿಜಾರಿನಲ್ಲಿ ಬ್ರೇಕ್ ತುಳಿದು ನೇರ ‘ಪಿ’ಗೆ ಹಾಕಿ ಕಾಲು ತೆಗೆದರೆ, ಕಾರು ಅಂಗೈ ಅಗಲ ಜಾರಿ ತನ್ನ ಪೂರ್ತಿ ಭಾರವನ್ನು ಆ ಕೊಂಡಿಯ ಮೇಲೆ ಹೇರುತ್ತದೆ. ಬೆಳಗ್ಗೆ ‘ಪಿ’ಯಿಂದ ತೆಗೆಯುವಾಗ ಟಕ್ ಎಂದು ದೊಡ್ಡ ಸದ್ದು ಬಂದರೆ ಕಾರಣ ಇದೇ. ಹಾಗಾಗಿ ಬ್ರೇಕ್ ತುಳಿದೇ ಇದ್ದು ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲನ್ನು ನಿಧಾನಕ್ಕೆ ಸಡಿಲಿಸಿ ಕಾರು ಹ್ಯಾಂಡ್ ಬ್ರೇಕಿನ ಮೇಲೆ ಕೂತದ್ದು ಖಚಿತವಾದ ಮೇಲೆ, ಮತ್ತೆ ಬ್ರೇಕ್ ತುಳಿದು ‘ಪಿ’ಗೆ ಹಾಕಬೇಕು. ಓದಲು ಉದ್ದ, ಮಾಡಲು ಡಬಲ್ ಕ್ಲಚ್ಚಿಗಿಂತ ಸುಲಭ.

ಘಾಟಿಯ ವಿಷಯದಲ್ಲಿ ಮಾತ್ರ ಸಾಹೇಬರ ಪಾಠದಲ್ಲಿ ಒಂದಕ್ಷರವೂ ಹಳತಾಗಿಲ್ಲ. ‘ಡಿ’ಯಲ್ಲೇ ಬಿಟ್ಟು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿದರೆ, ಎಂಜಿನ್ನಿಗೆ ಭಾರವಿಲ್ಲವೆಂದು ಗೇರ್‌ಬಾಕ್ಸು ತಾನಾಗಿ ಮೇಲಿನ ಗೇರಿಗೆ ಏರುತ್ತದೆ, ಕಾರು ಓಡುತ್ತದೆ, ಬ್ರೇಕೊಂದೇ ಗತಿಯಾಗುತ್ತದೆ. ಇಳಿಜಾರನ್ನು ಅರಿತು ಗೇರನ್ನು ಹಿಡಿದಿಡುವ ಕಾರುಗಳೂ ಇವೆ, ಎಲ್ಲವೂ ಹಾಗಲ್ಲ. ಎಲ್, 2, ಎಂ ಎಂದೆಲ್ಲ ಬರೆದಿರುವುದು ಅಲಂಕಾರಕ್ಕಲ್ಲ. ಇಳಿಜಾರು ಶುರುವಾಗುವ ಮೊದಲೇ ಅದಕ್ಕೆ ಹಾಕಿದರೆ ಎಂಜಿನ್ನೇ ಕಾರನ್ನು ಹಿಡಿಯುತ್ತದೆ. ವಿದ್ಯುತ್ ಕಾರಿನಲ್ಲಿ ಈ ಕೆಲಸವನ್ನು ಮೋಟಾರ್ ಮಾಡುತ್ತ, ಜೊತೆಗೆ ಬ್ಯಾಟರಿಯನ್ನೂ ತುಂಬಿಸುತ್ತದೆ. ಆದರೆ ಪೂರ್ತಿ ಚಾರ್ಜ್ ಮಾಡಿಕೊಂಡು ಘಾಟಿಯ ತಲೆಯಿಂದ ಹೊರಟರೆ ತುಂಬಿಸಲು ಜಾಗವಿಲ್ಲದೆ ಆ ಹಿಡಿತ ಕಡಿಮೆಯಾಗುತ್ತದೆ. ನ್ಯೂಟ್ರಲ್ಲಿನಲ್ಲಿ ಇಳಿಸುವವರು ಈಗಲೂ ಇದ್ದಾರೆ. ಇಂದಿನ ಪೆಟ್ರೋಲ್ ಎಂಜಿನ್ನು ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಕುಡಿಯುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಐಡಲಿಂಗಿಗೆ ಕುಡಿಯುತ್ತಲೇ ಇರುತ್ತದೆ. ಅವರಿಗೆ ಈಗ ಉಳಿಯುವ ಕಾಸೂ ಇಲ್ಲ.

ಏರಿನ ಸಂಗತಿ ಎಎಂಟಿಯವರಿಗೆ. ಮುಂದಿನ ಲಾರಿ ನಿಂತಾಗ ಬ್ರೇಕ್ ತುಳಿಯದೆ, ಆಕ್ಸಿಲರೇಟರನ್ನು ಅರ್ಧ ಒತ್ತಿ ಕಾರನ್ನು ಏರಿನಲ್ಲಿ ತೂಗಿಸಿಕೊಂಡು ನಿಲ್ಲುವ ಅಭ್ಯಾಸ ಬಹಳ ಜನರಿಗಿದೆ. ಒಳಗೆ ಸುಡುತ್ತಿರುವುದು ಕ್ಲಚ್ ಪ್ಲೇಟು. ಕಾಲಿಗೆ ಕ್ಲಚ್ ಇಲ್ಲವೆಂದ ಮಾತ್ರಕ್ಕೆ ಕಾರಿಗೆ ಇಲ್ಲವೆಂದಲ್ಲ.

ಇನ್ನು ನಿಂಬೆಹಣ್ಣು. ಹೊಸ ಕಾರಿಗೆ ಪೂಜೆಯಾಗಿ, ನಾಲ್ಕು ಚಕ್ರದಡಿ ನಿಂಬೆಹಣ್ಣಿಟ್ಟು, ಎಲ್ಲರೂ ಮೊಬೈಲ್ ಹಿಡಿದು ಮುಂದೆ ನಿಂತಿರುವ ಆ ಗಳಿಗೆಯಷ್ಟು ಅಪಾಯದ್ದು ಕಾರಿನ ಆಯುಷ್ಯದಲ್ಲಿ ಇನ್ನೊಂದಿರಲಾರದು. 2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಒಂದು ಶೋರೂಮಿನಲ್ಲಿ ಹೀಗೆ ನಿಂಬೆಹಣ್ಣು ಹತ್ತಿಸಲು ಹೋಗಿ ಆಕ್ಸಿಲರೇಟರ್ ಜೋರಾಗಿ ತುಳಿದು, ಕಾರು ಗಾಜು ಒಡೆದುಕೊಂಡು ಮೊದಲ ಮಹಡಿಯಿಂದ ರಸ್ತೆಗೆ ಬಿತ್ತು. ಆಟೊಮ್ಯಾಟಿಕ್ಕಿನಲ್ಲಿ ಬ್ರೇಕ್ ಸಡಿಲಿಸಿದರೆ ಕಾರು ಸಾಮಾನ್ಯವಾಗಿ ತಾನೇ ತೆವಳುತ್ತದೆ. ನಿಂಬೆಹಣ್ಣಿಗೆ ಅಷ್ಟು ಸಾಕು. ಮುಂದೆ ಯಾರೂ ನಿಲ್ಲಬಾರದು, ಭಟ್ಟರೂ ಸೇರಿ.

ಬ್ರೇಕೆಂದುಕೊಂಡು ಆಕ್ಸಿಲರೇಟರ್ ತುಳಿಯುವುದು ನಮ್ಮವರ ದಡ್ಡತನವೇನೂ ಅಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರು ತನ್ನಷ್ಟಕ್ಕೇ ನುಗ್ಗುತ್ತದೆಂದು ದೊಡ್ಡ ಗುಲ್ಲೆದ್ದಿತು. 1986ರಲ್ಲಿ ಟೀವಿಯಲ್ಲೂ ಬಂದು ಆ ಕಂಪನಿಯ ವ್ಯಾಪಾರವೇ ಕುಸಿಯಿತು. ಸರ್ಕಾರದ ತನಿಖೆ 1989ರಲ್ಲಿ ಮುಗಿದಾಗ, ಹೆಚ್ಚಿನ ಪ್ರಕರಣಗಳಲ್ಲಿ ಚಾಲಕರು ತುಳಿದದ್ದು ಬ್ರೇಕನ್ನಲ್ಲ ಎಂದು ತಿಳಿಯಿತು. ಬ್ರೇಕ್ ತುಳಿಯದೆ ‘ಪಿ’ಯಿಂದ ಗೇರ್ ಅಲುಗದಂತೆ ಮಾಡುವ ಬೀಗ ಆ ಗಲಾಟೆಯಿಂದಲೇ ಹಬ್ಬಿದ್ದು. ನಮ್ಮ ಕಾರುಗಳಲ್ಲೂ ಅದಿದೆ, ನಾವು ಅದನ್ನು ಕಾಟವೆಂದುಕೊಳ್ಳುತ್ತೇವೆ.

ಇಂಗ್ಲೆಂಡಿನಲ್ಲಿರುವ ನನ್ನ ಮಗಳು ಅಲ್ಲಿ ಆಟೊಮ್ಯಾಟಿಕ್ಕಿನಲ್ಲೇ ಪರೀಕ್ಷೆ ಕೊಟ್ಟಳು. ಆ ಲೈಸೆನ್ಸಿನಲ್ಲಿ ಕ್ಲಚ್ ಕಾರು ಮುಟ್ಟುವಂತಿಲ್ಲ, ಮುಟ್ಟಬೇಕಾದರೆ ಇನ್ನೊಂದು ಪರೀಕ್ಷೆ. ನಮ್ಮಲ್ಲಿ ದ್ವಿಚಕ್ರಕ್ಕೆ ಗೇರ್ ಇರುವುದು, ಇಲ್ಲದ್ದು ಎಂದು ಬೇರೆಬೇರೆ ಲೈಸೆನ್ಸಿದೆ, ಕಾರಿಗಿಲ್ಲ. ನನಗೆ ಗೊತ್ತಿರುವ ಡ್ರೈವಿಂಗ್ ಸ್ಕೂಲುಗಳೆಲ್ಲ ಕ್ಲಚ್ ಕಾರಿನಲ್ಲಿ ಕಲಿಸುತ್ತವೆ. ಹುಡುಗರು ಅದರಲ್ಲೇ ಎಂಟು ಹೊಡೆದು ಆರ್‌ಟಿಒದಲ್ಲಿ ಪಾಸಾಗಿ, ಮರುವಾರ ಆಟೊಮ್ಯಾಟಿಕ್ ಕೊಳ್ಳುತ್ತಾರೆ. ಅದರ ಪಾಠವೆಂದರೆ ಶೋರೂಮಿನ ಹುಡುಗ ಕೀ ಕೊಡುವಾಗ ಹೇಳುವ ನಾಲ್ಕು ಮಾತು. ಅದರಲ್ಲಿ ಮೂರು ಬ್ಲೂಟೂತ್ ಬಗ್ಗೆ. ಈ ಸ್ಕೂಲುಗಳು ಕಡೇ ಪಕ್ಷ ಎರಡು ತರಗತಿಯನ್ನಾದರೂ ಆಟೊಮ್ಯಾಟಿಕ್ಕಿಗೆ ಮೀಸಲಿಡಬೇಕು.

ಅಲ್ಲಿಯವರೆಗೆ ಒಂದು ಮಾತು. ನಿಮ್ಮದು ಎಎಂಟಿಯಾಗಿದ್ದರೆ ಒಮ್ಮೆ ಕೆಳಗೆ ಹೋಗಿ ಗೇರ್ ಹಿಡಿಯ ಪಕ್ಕದ ಅಕ್ಷರಗಳನ್ನು ಓದಿ. ಬಹಳಷ್ಟು ಎಎಂಟಿ ಕಾರುಗಳಲ್ಲಿ ‘ಪಿ’ ಎಂಬುದೇ ಇರುವುದಿಲ್ಲ. ಅಂಥ ಕಾರನ್ನು ನ್ಯೂಟ್ರಲ್ಲಿನಲ್ಲಿ ಬಿಟ್ಟು ಇಳಿದರೆ ಅದನ್ನು ಹಿಡಿದಿರುವುದು ಹ್ಯಾಂಡ್ ಬ್ರೇಕ್ ಒಂದೇ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಗೇರಿನಲ್ಲಿಟ್ಟೇ ಎಂಜಿನ್ ಆಫ್ ಮಾಡಿ. ಇಳಿಜಾರಾಗಿದ್ದರೆ ಚಕ್ರಕ್ಕೊಂದು ಕಲ್ಲನ್ನೂ ಕೊಡಿ. ಹೊರಡುವಾಗ ಕಲ್ಲನ್ನು ರಸ್ತೆಯಿಂದ ಎತ್ತಿಹಾಕಿ.